‘ಅಡುಗೆ’ಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ನನಗೆ ಫೋನ್ ಮಾಡಿ, ‘ನೀವು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತೀರಲ್ಲ, ಮಕ್ಕಳಿಗೆ ಇಂಗ್ಲಿಷ್ ಕಲಿಯೋ ಬಗ್ಗೆ ಒಂದು ಇಪ್ಪತ್ತು ನಿಮಿಷ ಮಾತಾಡಿ’ ಎಂದರು. ಇಪ್ಪತ್ತು ನಿಮಿಷದಲ್ಲಿ ಇಂಗ್ಲಿಷ್ ಕಲಿಯುವುದನ್ನು ಹೇಳಿಕೊಡಲು ನನ್ನಿಂದ ಆಗದು. ಒಂದು ಪದದ ಬಗ್ಗೆ ಬೇಕಾದರೆ ಹೇಳಬಹುದು. ನಾನು ಆರಿಸಿಕೊಂಡಿರುವ ಪದ ‘ಅಡುಗೆ’. ‘ನನಗೆ ಅಡುಗೆಯಲ್ಲಿ ಆಸಕ್ತಿ’ ಎಂದು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಯಾವ ನಾಮಪದ ಬಳಸಬೇಕು? ಇಷ್ಟೇ ನನ್ನ ವಿಷಯ.

ಹಿಂದೆ ಕೂತಿರುವ ದೊಡ್ಡವರು ‘ಇದಕ್ಕೂ ಒಂದು ಭಾಷಣವೇ’ ಎಂದು ನಗುತ್ತಿರುವುದು ಕಾಣುತ್ತಿದೆ. ನಗಿ, ತೊಂದರೆಯಿಲ್ಲ. ಆದರೆ ಈ ಒಂದು ಪದದ ವಿಷಯದಲ್ಲಿ ನಾನು ಎರಡು ಸಲ ಎಡವಿದ್ದೇನೆ. ಒಂದು ಸಲ ಗೊತ್ತಿಲ್ಲದೆ ತಪ್ಪು ಪದ ಹೇಳಿದೆ. ಇನ್ನೊಂದು ಸಲ ಗೊತ್ತಿದ್ದೂ ತಪ್ಪು ಪದ ಬರೆದೆ. ಎರಡನ್ನೂ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ನಾವು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಇಂಗ್ಲಿಷ್ ಮೇಷ್ಟ್ರು ‘ಮೈ ಹಾಬಿ’ ಎಂಬ ಪ್ರಬಂಧ ಬರೆಸಿದರು. ನಲವತ್ತು ಮಂದಿಯೂ ‘ಮೈ ಹಾಬಿ ಈಸ್ ಸ್ಟ್ಯಾಂಪ್ ಕಲೆಕ್ಟಿಂಗ್’ ಎಂದು ಬರೆದೆವು. ಗೈಡಿನಲ್ಲಿ ಹಾಗಿತ್ತು. ನಮ್ಮಲ್ಲಿ ಒಬ್ಬರ ಮನೆಯಲ್ಲೂ ಒಂದು ಸ್ಟ್ಯಾಂಪಿನ ಆಲ್ಬಮ್ ಇರಲಿಲ್ಲ. ಮೇಷ್ಟ್ರು ಎಲ್ಲವನ್ನೂ ಓದಿ, ‘ಈ ಊರಿಗೆ ವಾರಕ್ಕೆ ನಾಲ್ಕು ಕಾಗದ ಬರ್ತವೆ. ನಲವತ್ತು ಜನ ಅದರಲ್ಲಿ ಏನು ಕಿತ್ಕೊಂಡ್ರೋ?’ ಎಂದರು. ಆಗ ನಕ್ಕೆವು. ಅವರು ಕೇಳಿದ ಪ್ರಶ್ನೆ ಎಷ್ಟು ದೊಡ್ಡದು ಎನ್ನುವುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನಿಜವಾಗಿ ನಾನು ಆಗ ಮಾಡುತ್ತಿದ್ದುದು ಅಡುಗೆ. ಅವ್ವ ಹೊಲಕ್ಕೆ ಹೋದರೆ ಸಂಜೆಯ ಮುದ್ದೆ ತಿರುವುವುದು, ಸಾರಿಗೆ ಹಾಕುವುದು ನನ್ನ ಪಾಲು. ಅದರಲ್ಲಿ ನನಗೆ ಖುಷಿಯೂ ಇತ್ತು. ಅದನ್ನು ಇಂಗ್ಲಿಷಿನಲ್ಲಿ ಬರೆಯಬಹುದು ಎಂದು ಮಾತ್ರ ಹೊಳೆಯಲಿಲ್ಲ.

ಮೊದಲನೆಯ ಪೆಟ್ಟಿಗೆ ಬರುತ್ತೇನೆ. ಡಿಗ್ರಿ ಮುಗಿಸಿ 2009ರಲ್ಲಿ ಬೆಂಗಳೂರಿಗೆ ಒಂದು ಕೆಲಸದ ಸಂದರ್ಶನಕ್ಕೆ ಹೋದೆ. ಮೇಜಿನ ಆಚೆ ಮೂವರು ಕೂತಿದ್ದರು. ಹೆಸರು, ಊರು ಎಲ್ಲ ಆದ ಮೇಲೆ ಒಬ್ಬರು ನನ್ನ ಆಸಕ್ತಿಗಳೇನು ಎಂದು ಕೇಳಿದರು. ಈ ಸಲ ಸ್ಟ್ಯಾಂಪಿನ ಸುಳ್ಳು ಬೇಡ, ನಿಜ ಹೇಳೋಣ ಎಂದುಕೊಂಡು ‘ಐ ಆಮ್ ಎ ವೆರಿ ಗುಡ್ ಕುಕರ್’ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಒಬ್ಬರು ನಗುತ್ತಾ, ‘ಹೌ ಮೆನಿ ವಿಷಲ್ಸ್?’ ಎಂದರು. ಎಷ್ಟು ವಿಷಲ್ ಕೂಗ್ತೀಯಮ್ಮ ಎಂದು! ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಾಯಿ ಕಟ್ಟಿಹೋಯಿತು. ಆಮೇಲೆ ಕೇಳಿದ ನಾಲ್ಕೈದು ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಹೇಳಲಿಲ್ಲ. ಕೆಲಸ ಸಿಗಲಿಲ್ಲ. ಆ ಪದ ಒಂದರಿಂದಲೇ ಕೆಲಸ ಹೋಯಿತು ಎನ್ನಲಾರೆ. ಆ ಪದದ ನಂತರ ನಾನು ಮಾತು ಬಿಟ್ಟಿದ್ದರಿಂದ ಹೋಯಿತು.

ಬಸ್ಸಿನಲ್ಲಿ ಊರಿಗೆ ಬರುವಾಗ ಯೋಚಿಸುತ್ತಿದ್ದೆ. ಟೀಚ್ ಮಾಡುವವರು ಟೀಚರ್, ಸಿಂಗ್ ಮಾಡುವವರು ಸಿಂಗರ್, ರೈಟ್ ಮಾಡುವವರು ರೈಟರ್. ಹಾಗಾದರೆ ಕುಕ್ ಮಾಡುವವರು ಕುಕರ್ ಯಾಕಲ್ಲ? ನನ್ನ ಲೆಕ್ಕ ದಡ್ಡ ಲೆಕ್ಕವಾಗಿರಲಿಲ್ಲ ಮಕ್ಕಳೇ. ನಿಯಮ ಸರಿಯಾಗಿತ್ತು, ಆ ಪದ ನಿಯಮಕ್ಕೆ ಸಿಕ್ಕಿರಲಿಲ್ಲ. ಇಂಗ್ಲಿಷಿನಲ್ಲಿ ಕುಕ್ ಎನ್ನುವುದೇ ಕೆಲಸವೂ ಹೌದು, ಆ ಕೆಲಸ ಮಾಡುವವರೂ ಹೌದು. ‘ಐ ಕುಕ್’ ಎಂದರೆ ನಾನು ಅಡುಗೆ ಮಾಡುತ್ತೇನೆ. ‘ಐ ಆಮ್ ಎ ಕುಕ್’ ಎಂದರೆ ನಾನು ಅಡುಗೆಯವಳು. ಮನುಷ್ಯರಿಗೆ ‘ಕುಕ್’ ಎಂಬ ಪದ ಮೊದಲೇ ಇದ್ದುದರಿಂದ ‘ಕುಕರ್’ ಯಂತ್ರದ ಪಾಲಾಯಿತು. ಇಂಗ್ಲೆಂಡಿನಲ್ಲಿ ಕುಕರ್ ಎಂದರೆ ಒಲೆ. ನಮ್ಮಲ್ಲಿ ವಿಷಲ್ ಹಾಕುವ ಪಾತ್ರೆ. ಎರಡೂ ಕಡೆ ಅದು ಸಾಮಾನು, ಮನುಷ್ಯರಲ್ಲ.

ಅಲ್ಲಿಂದ ಇಲ್ಲಿಯವರೆಗೆ ಹತ್ತಾರು ವರ್ಷ ಹಳ್ಳಿಯಿಂದ ಬರುವ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದ್ದೇನೆ. ಪ್ರತಿವರ್ಷ ಅವರ ಸ್ವವಿವರದ ಕಾಗದಗಳನ್ನು ತಿದ್ದುತ್ತೇನೆ. ‘ಮೈ ಹಾಬಿ ಈಸ್ ಕುಕ್’, ‘ಐ ಆಮ್ ಇಂಟರೆಸ್ಟಿಂಗ್ ಇನ್ ಕುಕರಿ’, ‘ಮೈ ಪ್ಯಾಶನ್ ಈಸ್ ಕ್ವಿಜೀನ್’, ‘ಐ ಲೈಕ್ ಶೆಫ್’. ತಪ್ಪುಗಳು ಇವೇ ಇವೇ ಮತ್ತೆ ಮತ್ತೆ ಬರುತ್ತವೆ. ಒಂದೇ ತಪ್ಪನ್ನು ಇಷ್ಟು ಜನ ಬುದ್ಧಿವಂತ ಮಕ್ಕಳು ಮಾಡಿದರೆ ಅದಕ್ಕೊಂದು ಕಾರಣ ಇರಬೇಕಲ್ಲವೇ? ಆ ಕಾರಣ ನಮ್ಮ ಕನ್ನಡದ ‘ಅಡುಗೆ’ ಪದದಲ್ಲೇ ಇದೆ.

ವ್ಯಾಕರಣದಲ್ಲಿ ಕೃದಂತ ಭಾವನಾಮ ಓದಿದ್ದೀರಿ. ‘ಉಡು’ ಎಂಬ ಧಾತುವಿನಿಂದ ಉಡುಗೆ, ‘ತೊಡು’ವಿನಿಂದ ತೊಡುಗೆ, ‘ನಡೆ’ಯಿಂದ ನಡಿಗೆ. ಹಾಗೆಯೇ ‘ಅಡು’ವಿನಿಂದ ಅಡುಗೆ. ಮೂಲದಲ್ಲಿ ಅದು ಕೆಲಸದ ಹೆಸರು. ಆದರೆ ನಾವು ದಿನಾ ಅದನ್ನು ಹೇಗೆ ಬಳಸುತ್ತೇವೆ ನೋಡಿ. ‘ಅಡುಗೆ ಮಾಡ್ತಾ ಇದ್ದೀನಿ’ ಎಂದಾಗ ಅದು ಕೆಲಸ. ‘ಅಡುಗೆ ಚೆನ್ನಾಗಿದೆ’ ಎಂದಾಗ ತಟ್ಟೆಯಲ್ಲಿರುವ ಊಟ. ‘ಹುಡುಗಿ ಅಡುಗೆ ಕಲಿತಿದ್ದಾಳೆ’ ಎಂದಾಗ ವಿದ್ಯೆ. ‘ಮಲೆನಾಡಿನ ಅಡುಗೆ’ ಎಂದಾಗ ಒಂದು ಸೀಮೆಯ ಪದ್ಧತಿ. ‘ಮದುವೆಗೆ ಯಾರ ಅಡುಗೆ?’ ಎಂದಾಗ ಅಡುಗೆ ಭಟ್ಟರು. ಒಂದೇ ಪದ, ಐದು ಕೆಲಸ. ನಮಗೆ ಗೊಂದಲವಿಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ಬೇರೆ ಬೇರೆ ಪದ. ಆದ್ದರಿಂದ ‘ಅಡುಗೆಗೆ ಇಂಗ್ಲಿಷಿನಲ್ಲಿ ಏನು?’ ಎಂದು ನಿಘಂಟು ತೆಗೆದರೆ ಐದೂ ಸಾಲಾಗಿ ನಿಂತಿರುತ್ತವೆ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತೇವೆ. ನಿಘಂಟು ತೆಗೆಯುವ ಮೊದಲು ‘ನಾನು ಯಾವ ಅಡುಗೆಯ ಮಾತು ಆಡ್ತಾ ಇದ್ದೀನಿ?’ ಎಂದು ಕನ್ನಡದಲ್ಲೇ ಕೇಳಿಕೊಳ್ಳಬೇಕು. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಈಗ ಒಂದೊಂದಾಗಿ ನೋಡೋಣ.

ಅಡುಗೆ ಮಾಡುವ ಕೆಲಸ ನಿಮಗೆ ಇಷ್ಟವಾದರೆ ಬೇಕಾದ ಪದ ‘ಕುಕಿಂಗ್’. ರೀಡಿಂಗ್, ಸ್ವಿಮ್ಮಿಂಗ್, ಡ್ರಾಯಿಂಗ್ ಇದ್ದಂತೆ. ಹವ್ಯಾಸ ಎಂದರೆ ಮಾಡುವ ಕೆಲಸ, ಆದ್ದರಿಂದ ಕೆಲಸದ ಹೆಸರೇ ಅಲ್ಲಿ ಕೂರಬೇಕು. ‘ಮೈ ಹಾಬಿ ಈಸ್ ಕುಕಿಂಗ್.’ ‘ಐ ಲೈಕ್ ಕುಕಿಂಗ್.’ ‘ಐ ಆಮ್ ಇಂಟರೆಸ್ಟೆಡ್ ಇನ್ ಕುಕಿಂಗ್.’ ನೂರಕ್ಕೆ ತೊಂಬತ್ತು ಸಲ ಇದೇ ಸರಿ. ‘ಮೈ ಹಾಬಿ ಈಸ್ ಕುಕ್’ ಎಂದರೆ ‘ನನ್ನ ಹವ್ಯಾಸ ಒಬ್ಬ ಭಟ್ಟರು’ ಎಂದ ಹಾಗಾಗುತ್ತದೆ. ಜೊತೆಗೆ ಇನ್ನೊಂದು ಎಚ್ಚರ. ಇಂಟರೆಸ್ಟೆಡ್ ಎಂದರೆ ಆಸಕ್ತಿ ಉಳ್ಳವರು, ಇಂಟರೆಸ್ಟಿಂಗ್ ಎಂದರೆ ಆಸಕ್ತಿ ಹುಟ್ಟಿಸುವಂಥದ್ದು. ‘ಐ ಆಮ್ ಇಂಟರೆಸ್ಟಿಂಗ್’ ಎಂದರೆ ‘ನಾನು ಬಹಳ ಸ್ವಾರಸ್ಯದ ವ್ಯಕ್ತಿ’ ಎಂದು ನಮ್ಮನ್ನು ನಾವೇ ಹೊಗಳಿಕೊಂಡಂತೆ.

ಅಡುಗೆಯನ್ನು ಒಂದು ವಿದ್ಯೆಯಾಗಿ, ಪಾಠದ ವಿಷಯವಾಗಿ ಹೇಳುವಾಗ ‘ಕುಕರಿ’. ಕುಕರಿ ಬುಕ್, ಕುಕರಿ ಕ್ಲಾಸ್, ಕುಕರಿ ಶೋ. ಇದು ಬ್ರಿಟಿಷ್ ಇಂಗ್ಲಿಷಿನ ಬಳಕೆ, ನಮಗೂ ಅಲ್ಲಿಂದಲೇ ಬಂತು. ಅಮೆರಿಕದವರು ಕುಕ್‌ಬುಕ್, ಕುಕಿಂಗ್ ಕ್ಲಾಸ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಹಳೆಯ ಪದವೇ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಅಡುಗೆಯ ಗ್ರಂಥದ ಹೆಸರು ‘ಸೂಪಶಾಸ್ತ್ರ’. ಅದಕ್ಕೂ ಐದು ನೂರು ವರ್ಷ ಹಿಂದೆ, 11ನೇ ಶತಮಾನದಲ್ಲಿ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆ, ಬೆಳೆ, ವಾಸ್ತು, ವೈದ್ಯದ ಜೊತೆಗೆ ಅಡುಗೆಗೂ ಜಾಗ ಇದೆ. ಕುಕರಿ ಎಂದರೆ ಸೂಪಶಾಸ್ತ್ರ ಎಂದು ನೆನಪಿಟ್ಟುಕೊಳ್ಳಿ. ‘ನನ್ನ ಹವ್ಯಾಸ ಸೂಪಶಾಸ್ತ್ರ’ ಎಂದು ಯಾರಾದರೂ ಹೇಳಿದರೆ ತಪ್ಪೇನಲ್ಲ, ಆದರೆ ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ‘ಮೈ ಹಾಬಿ ಈಸ್ ಕುಕರಿ’ ಕೇಳುವುದಕ್ಕೆ ಹಾಗೆಯೇ.

ಒಂದು ಸೀಮೆಯ ಅಡುಗೆ ಪದ್ಧತಿಗೆ ‘ಕ್ವಿಜೀನ್’. ಇದು ಫ್ರೆಂಚಿನಿಂದ ಬಂದ ಪದ. ಅಲ್ಲಿ ಅದಕ್ಕೆ ಅಡುಗೆಮನೆ ಎಂದೇ ಅರ್ಥ. ಇಂಗ್ಲಿಷಿನ ಕಿಚನ್, ಕುಕ್, ಕ್ವಿಜೀನ್ ಮೂರೂ ದೂರದ ದಾರಿಯಲ್ಲಿ ಒಂದೇ ಲ್ಯಾಟಿನ್ ಬೇರಿನಿಂದ ಬಂದ ದಾಯಾದಿಗಳು. ಕ್ವಿಜೀನ್ ಬಳಸಿದರೆ ‘ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಮುಂದೆ ಇರಬೇಕು. ಕರಾವಳಿಯದೋ, ಕೊಡಗಿನದೋ, ಜೋಳದ ರೊಟ್ಟಿ ಎಣಗಾಯಿಯ ಉತ್ತರ ಕರ್ನಾಟಕದ್ದೋ, ಮುದ್ದೆ ಬಸ್ಸಾರಿನ ನಮ್ಮ ಕಡೆಯದೋ. ‘ಐ ಆಮ್ ಇಂಟರೆಸ್ಟೆಡ್ ಇನ್ ಕೊಡವ ಕ್ವಿಜೀನ್’ ಎಂದರೆ ಪೂರ್ತಿ ಮಾತು. ಬರೀ ‘ಐ ಆಮ್ ಇಂಟರೆಸ್ಟೆಡ್ ಇನ್ ಕ್ವಿಜೀನ್’ ಎಂದರೆ ಬಸ್ ಹತ್ತಿ ಊರ ಹೆಸರು ಹೇಳದೆ ಟಿಕೆಟ್ ಕೇಳಿದ ಹಾಗೆ.

ತಿನ್ನುವುದು ಇಷ್ಟವಾದರೆ ‘ಫುಡ್’. ‘ಐ ಆಮ್ ಇಂಟರೆಸ್ಟೆಡ್ ಇನ್ ಫುಡ್’ ಎಂದರೆ ಕೇಳುವವರಿಗೆ ನೀವು ರುಚಿ ಬಲ್ಲವರು ಎಂದು ಗೊತ್ತಾಗುತ್ತದೆ, ಮಾಡಬಲ್ಲವರು ಎಂದು ಗೊತ್ತಾಗುವುದಿಲ್ಲ. ನಮ್ಮ ಯಜಮಾನರಿಗೆ ಫುಡ್ ಬಹಳ ಇಷ್ಟ, ಕುಕಿಂಗ್ ಮೇಲೆ ಅಷ್ಟಾಗಿ ಒಲವಿಲ್ಲ. ಅವರೂ ಇಲ್ಲೇ ಇದ್ದಾರೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಇನ್ನು ‘ಡಿಶ್’ ಮತ್ತು ‘ರೆಸಿಪಿ’. ಇವೆರಡೂ ಕಲಸಿಹೋಗಿವೆ. ಮಾಡಿದ ಒಂದು ಪದಾರ್ಥ ಡಿಶ್, ಅದನ್ನು ಮಾಡುವ ವಿಧಾನ ರೆಸಿಪಿ. ಡಿಶ್ ತಿನ್ನಬಹುದು. ರೆಸಿಪಿ ತಿಂದರೆ ಕಾಗದ ತಿಂದ ಹಾಗೆ. ರೆಸಿಪಿ ಎಂಬುದು ಲ್ಯಾಟಿನ್‌ನಲ್ಲಿ ‘ತೆಗೆದುಕೋ’ ಎನ್ನುವ ಅಪ್ಪಣೆಯ ಮಾತು. ಮೊದಲು ವೈದ್ಯರು ಔಷಧದ ಚೀಟಿಯ ಮೇಲೆ ‘ಇದಿಷ್ಟು ತೆಗೆದುಕೋ’ ಎಂದು ಬರೆಯುತ್ತಿದ್ದರು. ಆಮೇಲೆ ಅದೇ ಪದ ಅಡುಗೆಮನೆಗೆ ಬಂತು. ನಮ್ಮ ಹೆಂಗಸರೂ ಸಾರಿನ ಪುಡಿ ಹೇಳಿಕೊಡುವಾಗ ‘ಒಂದು ಪಾವು ಧನಿಯ ತಗೋ’ ಎಂದೇ ಶುರು ಮಾಡುತ್ತಾರಲ್ಲ!

ಕೊನೆಯದು, ಈಗಿನ ಮಕ್ಕಳಿಗೆ ಟಿವಿ ನೋಡಿ ಬಹಳ ಇಷ್ಟವಾಗಿರುವ ಪದ, ‘ಶೆಫ್’. ಫ್ರೆಂಚಿನಲ್ಲಿ ಅದಕ್ಕೆ ಮುಖ್ಯಸ್ಥ ಎಂದರ್ಥ. ಇಂಗ್ಲಿಷಿನ ಚೀಫ್ ಅದರ ಒಡಹುಟ್ಟು. ಅಡುಗೆಮನೆಯ ಮುಖ್ಯಸ್ಥನಿಗೆ ಅವರು ಹೇಳುತ್ತಿದ್ದ ಹೆಸರಿನ ಅರ್ಧ ಭಾಗ ಇಂಗ್ಲಿಷಿಗೆ ಬಂತು. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಸೇನೆಯಲ್ಲಿದ್ದಂತೆ ದರ್ಜೆಗಳಿರುತ್ತವೆ. 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿದ್ದ ಎಸ್ಕೋಫಿಯೆ ಎಂಬ ಫ್ರೆಂಚ್ ಪಾಕಪ್ರವೀಣ ಈ ವ್ಯವಸ್ಥೆಯನ್ನು ಗಟ್ಟಿ ಮಾಡಿದ. ಹೊಸದಾಗಿ ಸೇರಿದವರು ಕಮಿ, ಮೇಲಕ್ಕೆ ಹೋದರೆ ಸೂ ಶೆಫ್, ಇನ್ನೂ ಮೇಲೆ ಎಕ್ಸಿಕ್ಯುಟಿವ್ ಶೆಫ್. ಹಾಗಾಗಿ ಶೆಫ್ ಎನ್ನುವುದು ಆಸಕ್ತಿಯ ಹೆಸರಲ್ಲ, ಉದ್ಯೋಗದ ಹೆಸರು. ‘ಐ ವಾಂಟ್ ಟು ಬಿಕಮ್ ಎ ಶೆಫ್’ ಸರಿ. ‘ಮೈ ಇಂಟರೆಸ್ಟ್ ಈಸ್ ಶೆಫ್’ ತಪ್ಪು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕು ಎನ್ನುವ ಮಕ್ಕಳು ಇದನ್ನೂ ತಿಳಿದುಕೊಳ್ಳಿ: ಆ ಕೋರ್ಸುಗಳಲ್ಲಿ ಅಡುಗೆಯ ವಿಷಯಕ್ಕೆ ಇರುವ ಹೆಸರು ‘ಫುಡ್ ಪ್ರೊಡಕ್ಷನ್’. ಅಲ್ಲಿ ಸಂದರ್ಶನಕ್ಕೆ ಕೂತಾಗ ಅದೇ ಪದ ಬಳಸಿದರೆ ಮನೆಪಾಠ ಮಾಡಿ ಬಂದಿದ್ದಾರೆ ಎಂದು ಅವರಿಗೆ ಅನಿಸುತ್ತದೆ.

ಹುಡುಗರಿಗೆ ಒಂದು ಮಾತು. ‘ಅಡುಗೆ ಇಷ್ಟ ಅಂದ್ರೆ ಹುಡುಗಿ ಅಂತಾರೆ’ ಎಂದು ನಾಚಿಕೊಳ್ಳುವವರು ಈಗಲೂ ಇದ್ದಾರೆ. ವಿರಾಟನ ಅರಮನೆಯಲ್ಲಿ ಒಂದು ವರ್ಷ ಸೌಟು ಹಿಡಿದವನು ಗದೆ ಹಿಡಿಯುತ್ತಿದ್ದ ಭೀಮಸೇನ. ಒಳ್ಳೆಯ ಊಟಕ್ಕೆ ನಾವು ಇವತ್ತಿಗೂ ನಳಪಾಕ ಎನ್ನುತ್ತೇವೆ. ಹಳಗನ್ನಡದಲ್ಲಿ ಅಡುಗೆಯವನಿಗೆ ‘ಬಾಣಸಿಗ’ ಎಂಬ ಗಂಭೀರವಾದ ಹೆಸರೇ ಇತ್ತು. ಧೈರ್ಯವಾಗಿ ಹೇಳಿ.

ಇನ್ನು ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ಇದು ವ್ಯಾಕರಣದ ತಪ್ಪಲ್ಲ.

2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು, ಮುಂದೆ ನಮ್ಮ ಕಡೆಗೂ ಬಂತು. ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಸೇರಿದವರಲ್ಲಿ ನಮ್ಮವ್ವನೂ ಒಬ್ಬಳು. ಇಲ್ಲಿ ಕೂತಿರುವ ಎಷ್ಟೋ ಹುಡುಗರು ಅವಳ ಕೈಯ ಅನ್ನ ಸಾಂಬಾರು ಉಂಡವರೇ. ನಾನು 2004ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಟ್ಟಣದ ಪಿಯು ಕಾಲೇಜಿಗೆ ಅರ್ಜಿ ಹಾಕಿದೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ತಾಯಿಯ ಉದ್ಯೋಗ ಎಂಬ ಕಡೆ ಒಂದು ಗೆರೆ. ‘ಕುಕ್’ ಎಂಬ ಪದ ನನಗೆ ಗೊತ್ತಿತ್ತು, ಕಾಗುಣಿತವೂ ಗೊತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ‘ಟೀಚರ್’ ಎಂದು ಬರೆಯುತ್ತಿದ್ದಳು. ನಾನು ‘ಹೌಸ್‌ವೈಫ್’ ಎಂದು ಬರೆದೆ.

ಅವ್ವನಿಗೆ ಓದಲು ಬರುವುದಿಲ್ಲ, ಅವಳಿಗೆ ಇದು ಗೊತ್ತಾಗಲಿಲ್ಲ. ಇವತ್ತಿನ ಭಾಷಣದಲ್ಲಿ ಹೇಳಬೇಕು ಎನ್ನಿಸಿದ್ದರಿಂದ ಹೋದ ವಾರ ಊರಿಗೆ ಬಂದಾಗ ಅವಳಿಗೆ ಮೊದಲು ಹೇಳಿದೆ. ‘ಅದ್ಕೇನು ಅಂದ್ರೆ ಅರ್ಥ?’ ಎಂದಳು. ‘ಮನೇಲೇ ಇರೋಳು ಅಂತ’ ಎಂದೆ. ಬಯ್ಯುತ್ತಾಳೆ, ಇಲ್ಲ ನೊಂದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೇಲೆಲ್ಲಿದ್ದೆ ನಾನು? ಒಂಬತ್ತಕ್ಕೆ ಹೋದ್ರೆ ನಾಲ್ಕಕ್ಕೆ ಬರ್ತಿದ್ದೆ’ ಎಂದಳು.

ಅವಳು ಹೇಳಿದ್ದು ಅಷ್ಟೇ. ಮಾನ ಅವಮಾನದ ಮಾತನ್ನೇ ಎತ್ತಲಿಲ್ಲ. ನಾನು ಬರೆದದ್ದು ನಿಜವಲ್ಲ ಎಂದಳು. ನಾನು ಇಪ್ಪತ್ತು ವರ್ಷ ನಾಚಿಕೆ, ಪಶ್ಚಾತ್ತಾಪ ಎಂದು ಏನೇನೋ ಯೋಚಿಸಿದ್ದೆ. ಅವಳು ನನ್ನ ತಪ್ಪನ್ನು ಮೇಷ್ಟ್ರು ತಿದ್ದಿದ ಹಾಗೆ ತಿದ್ದಿದಳು.

ಕುಕ್ ಎಂದರೆ ಯಾಕೆ ನಾಚಿಕೆ, ಶೆಫ್ ಎಂದರೆ ಯಾಕೆ ಹೆಮ್ಮೆ? ಇದಕ್ಕೂ ಇತಿಹಾಸವಿದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ನೂರಾರು ವರ್ಷ ಇಂಗ್ಲೆಂಡಿನ ದೊಡ್ಡ ಮನೆಗಳ ಮಾತು ಫ್ರೆಂಚ್ ಆಯಿತು. ಕೊಟ್ಟಿಗೆಯಲ್ಲಿರುವ ಕುರಿಗೆ ಇಂಗ್ಲಿಷ್ ಪದ ಶೀಪ್ ಉಳಿಯಿತು, ತಟ್ಟೆಗೆ ಬಂದ ಅದರ ಮಾಂಸಕ್ಕೆ ಫ್ರೆಂಚಿನ ಮಟನ್ ಬಂತು. ಸಾಕುವವರ ಮಾತು ಒಂದು, ಉಣ್ಣುವವರ ಮಾತು ಇನ್ನೊಂದು. ಆಮೇಲೂ ಸಿರಿವಂತರ ಊಟದ ಮೇಜಿಗೆ ಫ್ರೆಂಚೇ ಮಾದರಿಯಾಗಿದ್ದುದರಿಂದ ಕ್ವಿಜೀನ್, ಶೆಫ್ ಪದಗಳಿಗೆ ಮೆರುಗು ಹತ್ತಿತು. ನಮ್ಮಲ್ಲೂ ಹೀಗೇ ಅಲ್ಲವೇ? ಕೂಳು ಎನ್ನುವುದು ಅಚ್ಚ ಕನ್ನಡದ ಪದ, ಅನ್ನ ಸಂಸ್ಕೃತದ್ದು. ಇವತ್ತು ಬಂದವರಿಗೆ ‘ಕೂಳು ಉಣ್ಣಿ’ ಎಂದರೆ ಎದ್ದು ಹೋಗುತ್ತಾರೆ. ಅಕ್ಕಿ ಅದೇ, ಪಾತ್ರೆ ಅದೇ. ಪದಕ್ಕೆ ಮೇಲು ಕೀಳು ನಾವು ಹಚ್ಚಿದ್ದು.

ಈ ಮೇಲು ಕೀಳು ಬರೀ ಮನಸ್ಸಿನಲ್ಲಿ ಇರುವುದಿಲ್ಲ, ದುಡ್ಡಿನಲ್ಲೂ ಇರುತ್ತದೆ. ಬಿಸಿಯೂಟದ ಅಡುಗೆಯವರಿಗೆ ಸರ್ಕಾರದ ಇಂಗ್ಲಿಷ್ ಕಾಗದಗಳಲ್ಲಿ ‘ಕುಕ್ ಕಮ್ ಹೆಲ್ಪರ್’ ಎನ್ನುತ್ತಾರೆ. ಅವರಿಗೆ ಕೊಡುವ ಹಣಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೇಳಲು ಗೌರವ ದೊಡ್ಡದು, ಎಣಿಸಲು ಧನ ಚಿಕ್ಕದು. ನಮ್ಮನ್ನು ನೌಕರರೆಂದು ಗುರುತಿಸಿ ಎಂದು ಆ ಹೆಣ್ಣುಮಕ್ಕಳು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಒಂದು ನಾಮಪದ ಬದಲಾದರೆ ಅವರ ಬದುಕು ಬದಲಾಗುತ್ತದೆ. ನಾಮಪದ ಅಂದರೆ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರ ಅಂತ ತಿಳಿಯಬೇಡಿ ಮಕ್ಕಳೇ.

ಇನ್ನು ಹಾಬಿ ಎಂಬ ಪದವನ್ನೂ ಸ್ವಲ್ಪ ನೋಡೋಣ. ಇಂಗ್ಲಿಷಿನಲ್ಲಿ ಅದು ಬಂದದ್ದು ಮಕ್ಕಳು ಆಡುವ ಕೋಲುಕುದುರೆಯ ಹೆಸರಿನಿಂದ. ಎಲ್ಲಿಗೂ ಮುಟ್ಟಿಸದ, ಬರೀ ಸಂತೋಷಕ್ಕೆ ಏರುವ ಕುದುರೆ. ಹಾಬಿ ಎಂದರೆ ಬಿಡುವಿನಲ್ಲಿ ಇಷ್ಟಪಟ್ಟು ಮಾಡುವುದು. ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಗೆ ‘ನೀನು ಮನೆಯಲ್ಲಿ ಅಡುಗೆ ಮಾಡ್ತೀಯಲ್ಲ, ಅದನ್ನೇ ಹಾಬಿ ಅಂತ ಬರಿ’ ಎಂದೆ. ‘ಅದು ಹಾಬಿ ಅಲ್ಲ ಮಿಸ್, ಕೆಲಸ’ ಎಂದಳು. ತಾಯಿಗೆ ಹುಷಾರಿಲ್ಲದೆ ಬೆಳಿಗ್ಗೆ ಐದಕ್ಕೆ ಎದ್ದು ಆರು ಜನಕ್ಕೆ ಅಡುಗೆ ಮಾಡಿ ಬಸ್ಸಿಗೆ ಓಡಿ ಬರುತ್ತಿದ್ದ ಹುಡುಗಿ ಅವಳು. ಅವಳೇ ಸರಿ, ನಾನು ತಪ್ಪು. ಅವಳಿಗೆ ಹಾಬಿ ಎಂಬ ಪದ ಹೊಂದುವುದಿಲ್ಲ. ಪ್ಯಾಶನ್ ಎಂದು ಬರೆಸಿದ್ದರಂತೂ ಅದು ಅಣಕವೇ ಆಗುತ್ತಿತ್ತು.

ಆಮೇಲೆ ನಾವಿಬ್ಬರೂ ಕೂತು ಬೇರೆ ವಾಕ್ಯ ಮಾಡಿದೆವು. ‘ಐ ಕುಕ್ ಫಾರ್ ಮೈ ಫ್ಯಾಮಿಲಿ ಆಫ್ ಸಿಕ್ಸ್ ಎವ್ರಿ ಮಾರ್ನಿಂಗ್.’ ಇದರಲ್ಲಿ ಕುಕಿಂಗ್ ಇಲ್ಲ, ಕುಕರಿ ಇಲ್ಲ, ಶೆಫ್ ಇಲ್ಲ. ನಾಮಪದ ಆರಿಸುವ ಕಷ್ಟವೇ ಇಲ್ಲ, ಬರೀ ಕ್ರಿಯಾಪದ. ಆದರೆ ಓದಿದವರಿಗೆ ಈ ಹುಡುಗಿ ಏನು ಎನ್ನುವುದು ಗೊತ್ತಾಗುತ್ತದೆ. ನಿಮಗೂ ಇದೇ ಉಪಾಯ ಹೇಳುತ್ತೇನೆ. ಯಾವ ನಾಮಪದ ಎಂದು ಅನುಮಾನ ಬಂದರೆ ನೀವು ಏನು ಮಾಡುತ್ತೀರಿ ಎಂದು ಕ್ರಿಯಾಪದದಲ್ಲಿ ಹೇಳಿಬಿಡಿ.

ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: ‘ಏನು ಅಡುಗೆ ಮಾಡ್ತೀರಿ?’ ಆಗ ಪಾಸ್ತಾ, ನೂಡಲ್ಸ್ ಎಂದು ಹುಡುಕಬೇಡಿ. ಬಸ್ಸಾರು ಎನ್ನಿ. ಪಿಜ್ಜಾಕ್ಕೆ ಯಾರೂ ಕನ್ನಡ ಪದ ಹುಡುಕುವುದಿಲ್ಲ, ಬಸ್ಸಾರಿಗೂ ಇಂಗ್ಲಿಷ್ ಪದ ಬೇಕಿಲ್ಲ. ಹೆಸರು ಹಾಗೇ ಇಟ್ಟು ಒಂದು ವಾಕ್ಯದಲ್ಲಿ ವಿವರಿಸಿ. ‘ವಿ ಬಾಯಿಲ್ ಗ್ರೀನ್ಸ್ ಅಂಡ್ ದಾಲ್, ಡ್ರೈನ್ ದ ವಾಟರ್, ಮೇಕ್ ಸಾರು ವಿತ್ ದ ವಾಟರ್ ಅಂಡ್ ಪಲ್ಯ ವಿತ್ ದ ರೆಸ್ಟ್.’ ಬಸಿಯುವುದಕ್ಕೆ ಡ್ರೈನ್, ಅಷ್ಟೇ ಹೊಸ ಪದ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು ಎಂದು ಕೇಳಿದರೆ ಯಾವ ಊರಿನವರೂ ಕಿವಿಗೊಡುತ್ತಾರೆ. ನಾನು ಅವತ್ತು ಬೆಂಗಳೂರಿನಲ್ಲಿ ‘ಕುಕರ್’ ಎಂದು ಎಡವಿದರೂ, ‘ಸಾರಿ, ಐ ಮೀನ್ ಐ ಕುಕ್ ವೆಲ್’ ಎಂದು ಎದ್ದು ನಿಂತು ಬಸ್ಸಾರಿನ ಮಾತು ಆಡಿದ್ದರೆ ಅವರ ನಗು ಅಲ್ಲಿಗೇ ನಿಲ್ಲುತ್ತಿತ್ತು. ತಪ್ಪು ಪದ ಬಂದರೆ ತಿದ್ದಿಕೊಳ್ಳಬಹುದು. ಬಾಯಿ ಮುಚ್ಚಿದರೆ ತಿದ್ದಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಇಲ್ಲಿರುವ ಗುರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗೆ ‘ಮೈ ಹಾಬಿ’ ಬರೆಸುವಾಗ ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ. ನಿನ್ನೆ ಸಂಜೆ ಮನೆಗೆ ಹೋಗಿ ಏನು ಮಾಡಿದೆ, ಅದರಲ್ಲಿ ಯಾವುದು ಖುಷಿಯಾಯಿತು, ಯಾವುದು ಕಷ್ಟವಾಯಿತು. ಆಮೇಲೆ ಇಂಗ್ಲಿಷ್. ಆಗ ಗೈಡಿನ ಸ್ಟ್ಯಾಂಪು ತಾನಾಗಿ ಬಿದ್ದುಹೋಗುತ್ತದೆ.

ಮಕ್ಕಳಿಗೆ ಇವತ್ತಿನ ಮನೆಕೆಲಸ. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಅಡುಗೆ ಮಾಡಿದವರು ಯಾರು, ಏನು ಮಾಡಿದರು ಎಂದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆಯಿರಿ. ತಪ್ಪಾದರೂ ಪರವಾಗಿಲ್ಲ, ನಿಜವಾಗಿರಲಿ. ನಾನೂ ಬರೆಯುತ್ತೇನೆ. ನನ್ನ ಮೊದಲ ವಾಕ್ಯವನ್ನು ಈಗಲೇ ಹೇಳುತ್ತೇನೆ, ಇಪ್ಪತ್ತು ವರ್ಷ ತಡವಾದ ಉತ್ತರ: ‘ಮೈ ಮದರ್ ವಾಸ್ ಎ ಕುಕ್ ಅಟ್ ದ ಗವರ್ನಮೆಂಟ್ ಪ್ರೈಮರಿ ಸ್ಕೂಲ್.’

ಅವ್ವ ಅಗೋ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಈ ವಾಕ್ಯವನ್ನು ಕನ್ನಡದಲ್ಲಿ ಹೇಳುವ ಅಗತ್ಯ ಇಲ್ಲಿ ಯಾರಿಗೂ ಇಲ್ಲ ಎಂದುಕೊಂಡಿದ್ದೇನೆ. ಅವಳಿಗೆ ಮಾತ್ರ ನೀವು ಪಕ್ಕದಲ್ಲಿರುವವರು ಹೇಳಿಬಿಡಿ.

ಊಟಕ್ಕೆ ಹೊತ್ತಾಗಿದೆ, ಹಿಂದೆ ಅಡುಗೆಯವರು ಕಾಯುತ್ತಿದ್ದಾರೆ.